ಕರೆಂಟು ಹೋದಾಗ ನಿಂತ ಪಿಟೀಲು

ಕಂತು ೯

"ಇನ್ನೊಂದ್ ಸಲ ಹೇಳಮ್ಮ. ನಿಧಾನಕ್ಕೆ ಹೇಳು. ಗ್ರೈಂಡರ್ ನಿಂತಿದ್ದು ಮೊದಲೋ, ಪಿಟೀಲು ನಿಂತಿದ್ದು ಮೊದಲೋ?"

"ಅಯ್ಯೋ ದಫೇದಾರಪ್ಪ, ಎರಡೂ ಒಟ್ಟಿಗೇ ನಿಂತ್ವು ಅಂತ ಎಷ್ಟ್ ಸಲ ಹೇಳೋದು?"

ಲಕ್ಷ್ಮಿದೇವಮ್ಮ ಕೈಗೆ ಮೆತ್ತಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಸವರಿದಳು. ಅವಳ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಎದುರಿಗೇ ಸಂಗೀತ ನಿರ್ದೇಶಕ ಗುರುಬಸಪ್ಪನ ಮಹಡಿ. ನಡುವೆ ಒಂದು ಕಾಂಪೌಂಡು, ಒಂದು ಸೀಬೆ ಗಿಡ, ಅಷ್ಟೇ. ಮಾರ್ಚಿನ ಸೆಕೆಗೆ ಎರಡು ಮನೆಯವರೂ ಕಿಟಕಿ ತೆರೆದೇ ಇಡುತ್ತಿದ್ದರು.

"ಉದ್ದಿನಬೇಳೆ ಅರ್ಧ ನುರಿದಿತ್ತು. ಟಪ್ ಅಂತ ಕರೆಂಟ್ ಹೋಯ್ತು. ನನ್ನ ಗ್ರೈಂಡರ್ ನಿಂತೋಯ್ತು, ಆ ಮನೆ ಪಿಟೀಲೂ ನಿಂತೋಯ್ತು. ನಾನು ಒಬ್ಬಳೇ ನಕ್ಕೆ. ಮೇಷ್ಟ್ರೂ ಹಿಟ್ಟು ರುಬ್ತಾ ಇದ್ರೇನೋ ಅಂತ."

"ಆಗ ಗಂಟೆ?"

"ಐದೂ ಹತ್ತು. ರೇಡಿಯೋಲಿ ಆಗತಾನೇ ಗಂಟೆ ಹೇಳಿದ್ರು, ಅದೂ ನಿಂತಿತಲ್ಲ."

"ಮತ್ತೆ ಶುರುವಾಗಿದ್ದು?"

"ಕರೆಂಟ್ ಬಂದಿದ್ದು ಐದೂ ಮೂವತ್ತೈದಕ್ಕೆ. ನನ್ನ ಗ್ರೈಂಡರ್ ತಕ್ಷಣ ತಿರುಗ್ತು. ಪಿಟೀಲು ಇನ್ನೊಂದು ಹತ್ತು ನಿಮಿಷ ಬಿಟ್ಟು ಬಂತು. ನಿಂತ ಕಡೆಯಿಂದಲ್ಲ, ಮೊದಲಿಂದ. ಒಂದೇ ಪಿಟೀಲಲ್ಲ ಕಣಪ್ಪ, ಹತ್ತಾರು ಜನ ಕೂತು ನುಡಿಸಿದಂಗಿತ್ತು. ಟೇಪು ಹಾಕ್ಕೊಂಡು ಅದರ ಜೊತೆಗೆ ನುಡಿಸ್ತಾರೆ ಅನ್ಕೊಂಡೆ. ಆರು ಗಂಟೆಗೆ ನಿಂತಿತು. ಮತ್ತೆ ಕೇಳಲಿಲ್ಲ."

"ಇದನ್ನ ಪೊಲೀಸರಿಗೆ ಹೇಳಿದ್ಯಾ?"

"ಅವರು ಪಿಟೀಲು ಕೇಳಿಸ್ತಾ ಅಂದ್ರು, ಕೇಳಿಸ್ತು ಅಂದೆ. ಎಷ್ಟರ ತನಕ ಅಂದ್ರು, ಆರರ ತನಕ ಅಂದೆ. ಬರ್ಕೊಂಡು ಹೋದ್ರು. ಹಿಟ್ಟು ರುಬ್ಬೋ ವಿಷಯ ಯಾವ ಗಂಡಸು ಕೇಳ್ತಾನೆ ಹೇಳು?"

ನಿವೃತ್ತ ದಫೇದಾರ್ ದೊಡ್ಡಹನುಮಯ್ಯ ಮೂವತ್ತೊಂದು ವರ್ಷ ಖಾಕಿ ಹಾಕಿದವನು. ಆ ಮಾತು ಅವನಿಗೂ ಚುರುಕ್ ಎಂದಿತು. ಇವನೂ ಮೊದಲ ಸಲ ಬಂದಾಗ ಅಷ್ಟನ್ನೇ ಕೇಳಿ ಹೋಗಿದ್ದ.

ಬ್ಯಾಡರಹಳ್ಳಿಯ ಹಳೇ ಕಲ್ಲುಗಣಿಯ ನೀರಿನಲ್ಲಿ ಪಿಟೀಲು ಮೇಷ್ಟ್ರು ನಾರಾಯಣಪ್ಪನವರ ಹೆಣ ಸಿಕ್ಕಿ ಇಂದಿಗೆ ಹದಿನಾರು ದಿನ. ಸಂಜೆ ಆರರವರೆಗೆ ಮಹಡಿಯಲ್ಲಿ ಒಬ್ಬರೇ ಪಿಟೀಲು ನುಡಿಸಿ, ಎದ್ದು ಹೋಗಿ ನೀರಿಗೆ ಬಿದ್ದರು ಎಂದು ಠಾಣೆಯವರು ಬರೆದುಕೊಂಡಿದ್ದರು. ನಾಳೆ ಬೆಳಿಗ್ಗೆ ಆ ಫೈಲು ಮುಚ್ಚುವುದರಲ್ಲಿತ್ತು. ಮೇಷ್ಟ್ರ ಮಗಳು ಕೇಳಿಕೊಂಡಳೆಂದು ದೊಡ್ಡಹನುಮಯ್ಯ ತಾನೇ ವಿಚಾರಿಸುತ್ತಿದ್ದ.

ಆದರೆ ಪಿಟೀಲಿಗೆ ನಾಲ್ಕು ತಂತಿ, ಒಂದು ಕಮಾನು, ಒಂದು ಜೊತೆ ಕೈ ಸಾಕು. ಅದಕ್ಕೆ ಕರೆಂಟು ಯಾಕೆ ಬೇಕು?

"ಒಂದ್ ದೋಸೆ ತಿನ್ಕೊಂಡು ಹೋಗಪ್ಪ" ಎಂದು ಲಕ್ಷ್ಮಿದೇವಮ್ಮ ಕೂಗುವಷ್ಟರಲ್ಲಿ ದೊಡ್ಡಹನುಮಯ್ಯ ಚಪ್ಪಲಿ ಮೆಟ್ಟಿ ಗೇಟು ದಾಟಿದ್ದ.

*

ಗುರುಬಸಪ್ಪನ ಮನೆಯ ಮುಂದೆ ಸ್ಕೂಟರ್ ಬಂದು ನಿಂತಿತು. ಹಿಂದಿನ ಸೀಟಿನಿಂದ ಅಂಬುಜಾ ಇಳಿದಳು. ನಾರಾಯಣಪ್ಪನವರ ಒಬ್ಬಳೇ ಮಗಳು. ಅಪ್ಪನಿಂದಲೇ ಪಿಟೀಲು ಕಲಿತು, ಅಪ್ಪನ ಹಿಂದಿನ ಸಾಲಿನಲ್ಲಿ ಕುಳಿತು ಎಂಟು ವರ್ಷ ರೆಕಾರ್ಡಿಂಗಿಗೆ ನುಡಿಸಿದವಳು.

ಸ್ಕೂಟರ್ ಓಡಿಸುತ್ತಿದ್ದವನು ಅವಳ ಗಂಡ ಅಂಜಿನಯ್ಯ. ಅದೇ ವಾದ್ಯವೃಂದದಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ. ಈಗ ಕೆಂಪು ಕೋಟು ತೊಟ್ಟು ಮದುವೆ ಬ್ಯಾಂಡಿನಲ್ಲಿ ಊದುತ್ತಾನೆ.

"ನೀನೂ ಬಾಪ್ಪ ಮೇಲಕ್ಕೆ" ಎಂದ ದೊಡ್ಡಹನುಮಯ್ಯ.

"ಬೇಡಿ ಸಾರ್. ಆ ಪೆಟ್ಟಿಗೆ ಇರೋ ಮನೆಗೆ ನಾನು ಕಾಲಿಡಲ್ಲ." ಅಂಜಿನಯ್ಯ ಸ್ಟ್ಯಾಂಡ್ ಹಾಕಿ ಸೀಟಿನ ಮೇಲೆ ಒರಗಿದ. "ನಲವತ್ತು ಜನ ನುಡಿಸ್ತಿದ್ವಿ. ಈಗ ಒಬ್ಬ ಕೂತು ಬೆರಳಲ್ಲಿ ಒತ್ತುತಾನೆ. ನೀವು ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ. ಅಂಬೂ, ಜಾಸ್ತಿ ಅಳಬೇಡ, ಆಯ್ತಾ?"

ಅವಳು ತಲೆಯಾಡಿಸಿದಳು. ಅಳಲು ಅವಳಲ್ಲಿ ಇನ್ನೇನೂ ಉಳಿದಂತಿರಲಿಲ್ಲ. ಕೆನ್ನೆಯ ಮೂಳೆ ಎದ್ದಿತ್ತು, ಬೈತಲೆ ವಾರೆಯಾಗಿತ್ತು.

ಮೆಟ್ಟಿಲ ಬುಡದಲ್ಲಿ ಅವಳು ನಿಂತಳು.

"ಸಾರ್, ನನಗೆ ಒಂದೇ ಒಂದು ಗೊತ್ತಾಗ್ಬೇಕು. ಯಾರಿಗೂ ಶಿಕ್ಷೆ ಆಗೋದು ಬೇಡ. ಅಪ್ಪ ನನ್ನ ಮಾತಿಗೆ ಹೋದ್ರಾ, ಇಲ್ವಾ?"

ಆ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ರಾಜಾಜಿನಗರದ ಮನೆಯಲ್ಲಿ ಜಗಳವಾಗಿತ್ತು. ಮೇಷ್ಟ್ರು ತಮ್ಮ ಪಿಟೀಲಿನ ದನಿಯನ್ನು ಗುರುಬಸಪ್ಪನ ಪೆಟ್ಟಿಗೆಗೆ ತುಂಬಿಕೊಟ್ಟಿದ್ದರು. ಆಮೇಲೆ ಪಿಟೀಲಿನವರನ್ನು ಕರೆಯುವವರೇ ಇಲ್ಲವಾದರು. "ಅದನ್ನ ತುಂಬಿಕೊಟ್ಟ ಕೈ ಬಿದ್ದಾದ್ರೂ ಹೋಗಬಾರದಿತ್ತಾ" ಎಂದಿದ್ದಳು ಮಗಳು. ಅಪ್ಪ ಏನೂ ಹೇಳದೆ ಅಂಗಿ ತೊಟ್ಟು ಹೊರಟಿದ್ದರು. ಅವಳು ಅವರನ್ನು ಜೀವಂತ ನೋಡಿದ್ದು ಅದೇ ಕೊನೆ.

"ಇವತ್ತು ಒಂದು ಹೊಸ ವಿಷಯ ಸಿಕ್ಕಿದೆ ಕಣಮ್ಮ" ಎಂದ ದೊಡ್ಡಹನುಮಯ್ಯ. "ಆರರವರೆಗೆ ನುಡಿಸಿದ್ದು ನಿಮ್ಮಪ್ಪ ಅಲ್ಲದೇ ಇರ್ಬಹುದು. ಪೆಟ್ಟಿಗೆ ಇರ್ಬಹುದು."

ಅವಳ ಕಣ್ಣಿನಲ್ಲಿ ಏನೋ ಮಿನುಗಿತು. ಕೊಡಬಾರದ ಕಡೆ ಆಸೆ ಕೊಟ್ಟೆನೇನೋ ಎಂದು ಅವನಿಗೆ ಆಗಲೇ ಅನ್ನಿಸಿತು.

*

ಮಹಡಿಯ ಕೋಣೆಯ ಗೋಡೆಗೆಲ್ಲ ಹಳೇ ಕೌದಿ ಹೊಡೆದಿದ್ದರು. ಗುರುಬಸಪ್ಪನ ತಾಯಿ ಗಿರಿಜಾದೇವಿ ಬಾಗಿಲು ತೆರೆದು ಕೂರಿಸಿದಳು. ದಾವಣಗೆರೆ ಕಡೆಯ ಹೆಣ್ಣುಮಗಳು, ಹಣೆತುಂಬ ವಿಭೂತಿ.

"ಬ್ಯಾರೆ ಸ್ಟುಡಿಯೋದಾಗ ಸದ್ದು ಹೊರಗ ಹೋಗಬಾರದು ಅಂತ ಗ್ವಾಡಿಗೆ ಮೊಟ್ಟಿ ಇಡೋ ರಟ್ಟಿನ ತಟ್ಟಿ ಹೊಡೀತಾರಂತ್ರೀ. ನನ್ನ ಮನಿಗೆ ಅದು ಬರಂಗಿಲ್ಲ ಅಂದೆ. ನಾನೇ ಹೊಲಿದ ಕೌದಿ ಇವು" ಎಂದು ದೊಡ್ಡಹನುಮಯ್ಯನಿಗೆ ಹೇಳಿದಳು. ಅಂಬುಜಾಳ ಮುಖವನ್ನು ಮಾತ್ರ ನೋಡಲಿಲ್ಲ. "ಕಾಫಿ ತರ್ತೀನಿ" ಎಂದು ಕೆಳಗಿಳಿದಳು.

ಗುರುಬಸಪ್ಪ ಮೂವತ್ತು ದಾಟಿರಲಿಲ್ಲ. ಗಡ್ಡ ಬೋಳಿಸಿ ವಾರವಾದಂತಿತ್ತು. ಅವನ ಮುಂದೆ ಹಾರ್ಮೋನಿಯಂ ಮನೆಗಳಂಥ ಕಪ್ಪು ಬಿಳುಪು ಮನೆಗಳ ಒಂದು ಕೀಬೋರ್ಡು, ಅದರ ಪಕ್ಕದಲ್ಲಿ ಒಂದು ಸಣ್ಣ ಕಂಪ್ಯೂಟರು, ಒಂದು ಮೈಕು. ಸಿಂಗಪುರದಿಂದ ತರಿಸಿದ್ದು. ಅದರ ಮೇಲೆ ಧೂಳು ಕೂತಿತ್ತು.

"ಇದೇನಾ ಪೆಟ್ಟಿಗೆ?"

"ಸ್ಯಾಂಪ್ಲರ್ ಅಂತಾರೆ ಸಾರ್. ದನಿ ಹಿಡಿದಿಟ್ಕೊಳ್ಳುತ್ತೆ. ಮೇಷ್ಟ್ರು ಒಂಬತ್ತು ದಿನ ಕೂತು ಒಂದೊಂದೇ ಸ್ವರ ನುಡಿಸಿದ್ರು. ಮೆಲ್ಲಗೆ ಒಂದ್ ಸಲ, ಜೋರಾಗಿ ಒಂದ್ ಸಲ. ಅದನ್ನ ಫ್ಲಾಪಿಗೆ ಬರೆದಿಟ್ಟಿದೀನಿ. ಈಗ ಈ ಮನೆ ಒತ್ತಿದ್ರೆ ಅವರ ಪಿಟೀಲೇ ಬರುತ್ತೆ. ಯಾವ ಸ್ವರ, ಎಷ್ಟು ಹೊತ್ತು ಅಂತ ಕಂಪ್ಯೂಟರ್‌ನಲ್ಲಿ ಜೋಡಿಸಿದ್ರೆ ಪೂರ್ತಿ ವಾದ್ಯವೃಂದ ತಾನೇ ನುಡಿಯುತ್ತೆ."

"ನೀನು ಎದುರಿಗೆ ಇಲ್ಲದಿದ್ರೂ?"

"ಇಲ್ಲದಿದ್ರೂ."

ದೊಡ್ಡಹನುಮಯ್ಯ ಕುರ್ಚಿ ಎಳೆದು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಠಾಣೆಯಲ್ಲಿದ್ದಾಗಿನ ಅಭ್ಯಾಸ. ದೂರ ಕೂತು ಕೇಳಿದರೆ ಮನುಷ್ಯ ಸುಳ್ಳು ಹೇಳುವುದು ಸುಲಭ.

"ಹಂಗಾದ್ರೆ ಕೇಳು. ಅವತ್ತು ನಾಲ್ಕರಿಂದ ಎಂಟರವರೆಗೆ ನೀನು ಕೆಂಗೇರಿ ಉಪನಗರದ ಶಾಲೇಲಿ ಮಕ್ಕಳ ನೃತ್ಯಕ್ಕೆ ಹಾಡು ಕಲಿಸ್ತಿದ್ದೆ. ಐವತ್ತು ಮಕ್ಕಳು, ನಾಲ್ಕು ಜನ ಟೀಚರು ಸಾಕ್ಷಿ. ನಾನೇ ಹೋಗಿ ವಿಚಾರಿಸಿದೀನಿ. ಇಲ್ಲಿ ಪಿಟೀಲು ನುಡೀತಾ ಇತ್ತು. ಐದೂ ಹತ್ತಕ್ಕೆ ಕರೆಂಟ್ ಹೋಯ್ತು. ಪಿಟೀಲೂ ನಿಂತೋಯ್ತು. ನುಡೀತಿದ್ದಿದ್ದು ನಿನ್ನ ಪೆಟ್ಟಿಗೆ. ಮೇಷ್ಟ್ರು ಇನ್ನೂ ಬದುಕಿದ್ದಾರೆ ಅಂತ ಬೀದಿಯವರೆಲ್ಲ ನಂಬಲಿ ಅಂತ ಹಚ್ಚಿಟ್ಟು ಹೋಗಿದ್ಯಾ?"

"ಇಲ್ಲ ಸಾರ್!"

"ಅವರು ನಾಲ್ಕಕ್ಕೆ ಮುಂಚೇನೇ ಸತ್ತಿದ್ರಾ?"

"ಸಾರ್, ದಮ್ಮಯ್ಯ, ಕೇಳಿ ಇಲ್ಲಿ." ಗುರುಬಸಪ್ಪ ಪೆಟ್ಟಿಗೆಯ ಕಡೆ ಬೆರಳು ತೋರಿಸಿದ. "ಕರೆಂಟ್ ಹೋದ್ರೆ ಈ ಪೆಟ್ಟಿಗೆ ತಲೇಲಿರೋದೆಲ್ಲ ಅಳಿಸಿಹೋಗುತ್ತೆ. ಮತ್ತೆ ಕರೆಂಟ್ ಬಂದ್ರೆ ತಾನಾಗಿ ನುಡಿಯಲ್ಲ. ಫ್ಲಾಪಿ ಹಾಕ್ಬೇಕು, ಪಿಟೀಲೆಲ್ಲ ಮತ್ತೆ ತುಂಬಬೇಕು, ಕಂಪ್ಯೂಟರಿಗೆ ಹಾಡು ತುಂಬಬೇಕು. ಗೊತ್ತಿರೋರಿಗೂ ಹತ್ತು ನಿಮಿಷ ಬೇಕು. ಕರೆಂಟ್ ಬಂದಮೇಲೆ ಮತ್ತೆ ಕೇಳಿಸ್ತಂತಾ?"

ಹತ್ತು ನಿಮಿಷ. ಲಕ್ಷ್ಮಿದೇವಮ್ಮನೂ ಹತ್ತು ನಿಮಿಷ ಎಂದಿದ್ದಳು.

"ಕೇಳಿಸ್ತು."

"ಹಾಗಾದ್ರೆ ಇಲ್ಲಿ ಒಬ್ಬರು ಇದ್ರು. ಈ ಕೆಲಸ ಗೊತ್ತಿರೋದು ಇಬ್ಬರಿಗೇ ಸಾರ್. ಒಬ್ಬ ನಾನು. ಇನ್ನೊಬ್ಬರು ಮೇಷ್ಟ್ರು. ನಾನೇ ಕಲಿಸಿದ್ದೆ."

ಅಂಬುಜಾ ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು.

"ಅಂದ್ರೆ ಬದುಕಿದ್ರು" ಎಂದಳು. "ಆರು ಗಂಟೆಗೂ ಬದುಕಿದ್ರು. ಒಬ್ಬರೇ ಕೂತಿದ್ರು. ಆಮೇಲೆ ಎದ್ದು ಹೋದ್ರು."

ಮೆಟ್ಟಿಲ ಬುಡದಲ್ಲಿ ಕೊಟ್ಟ ಆಸೆಯನ್ನು ದೊಡ್ಡಹನುಮಯ್ಯ ತನ್ನ ಕೈಯಾರೆ ಕಿತ್ತುಕೊಂಡಂತಾಗಿತ್ತು. ಪತ್ತೆ ಮಾಡುವವನ ಪಾಡೇ ಇಷ್ಟು. ಗಂಟು ಬಿಚ್ಚಿದರೂ ಕಷ್ಟ, ಬಿಚ್ಚದಿದ್ದರೂ ಕಷ್ಟ. ಆದರೆ ಅವನ ಮನಸ್ಸಿನಲ್ಲಿ ಇನ್ನೊಂದು ಮುಳ್ಳು ಚುಚ್ಚುತ್ತಲೇ ಇತ್ತು.

"ಅಲ್ಲಪ್ಪ, ಮೂವತ್ತೈದು ವರ್ಷ ಪಿಟೀಲು ನುಡಿಸಿದ ಮನುಷ್ಯ. ಪಿಟೀಲು ಪಕ್ಕದಲ್ಲೇ ಇಟ್ಕೊಂಡು ಪೆಟ್ಟಿಗೆ ಹಚ್ಚಿ ಕೂರ್ತಾನಾ? ಕೈಯಲ್ಲೇ ನುಡಿಸಬಹುದಿತ್ತಲ್ಲ?"

ಗುರುಬಸಪ್ಪ ಅಂಬುಜಾಳನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

"ಆಣೆ ಹಾಕಿಸ್ಕೊಂಡೋರು ಹೋದ್ರಪ್ಪ. ಇರೋರು ಸಾಯ್ತಾ ಇದ್ದಾರೆ. ಹೇಳು."

"ಅವರ ಎಡಗೈ ನಡುಗ್ತಿತ್ತು ಸಾರ್. ಎರಡು ವರ್ಷದಿಂದ. ಮೊದಲು ಕಿರುಬೆರಳು ಮಾತ್ರ. ಆಗಲೇ ನನ್ನ ಹತ್ರ ಬಂದ್ರು. 'ಬಸಪ್ಪ, ಈ ಕೈ ಪೂರ್ತಿ ಹೋಗೋಕೆ ಮುಂಚೆ ಇದನ್ನ ಎಲ್ಲಾದ್ರೂ ಎತ್ತಿಡೋಕಾಗುತ್ತಾ' ಅಂದ್ರು. ಒಂದೊಂದು ಸ್ವರಕ್ಕೆ ಇಪ್ಪತ್ತು ಸಲ, ಮೂವತ್ತು ಸಲ ನುಡಿಸಿದ್ರು. ನಡುಕ ಇಲ್ಲದೇ ಬಂದಿದ್ದನ್ನ ಮಾತ್ರ ಇಟ್ಕೊಂಡ್ವಿ. ನಾನೇನೋ ಅದನ್ನ ಹಾಡುಗಳಿಗೆ ಹಾಕ್ಕೊಂಡೆ, ಅವರ ಜೊತೆಯವರ ಅನ್ನ ಹೋಯ್ತು. ಅದು ನನ್ನ ತಪ್ಪು. ಅವರು ಇಲ್ಲಿ ಕೂತು ಬಲಗೈ ಒಂದೇ ಬೆರಳಲ್ಲಿ ಬರೀತಿದ್ದಿದ್ದು ಬೇರೆ. ನಲವತ್ತು ಜನ ಕೂತು ನುಡಿಸೋ ಅಂಥ ಸಂಗೀತ. ಮೊದಲು ಪೆಟ್ಟಿಗೇಲಿ ಕೇಳಿ ಸರಿಮಾಡ್ಕೊಂಡು, ಆಮೇಲೆ ಎಲ್ಲರನ್ನೂ ಕರೆಸಿ ಟೌನ್‌ಹಾಲ್‌ನಲ್ಲಿ ನುಡಿಸ್ಬೇಕು ಅಂತ ಅವರ ಆಸೆ."

ಅಂಬುಜಾ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ಅದಕ್ಕೇ ಮನೇಲಿ ನುಡಿಸ್ತಿರಲಿಲ್ಲ" ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಪಕ್ಕದ ಮನೆಯವರಿಗೆ ತೊಂದರೆ ಅಂತಿದ್ರು. ಊಟಕ್ಕೆ ಕೂತಾಗ ಎಡಗೈ ಟವಲಿನ ಕೆಳಗೇ ಇರ್ತಿತ್ತು. ನಾನು ನೋಡಿದೀನಿ. ನೋಡಿನೂ ಕೇಳಲಿಲ್ಲ." ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. "ಅಂಥವರಿಗೆ ಕೈ ಬಿದ್ದುಹೋಗಲಿ ಅಂದೆನಲ್ಲ ನಾನು."

ದೊಡ್ಡಹನುಮಯ್ಯನಿಗೆ ಇಬ್ಬರು ಹೆಣ್ಣುಮಕ್ಕಳು. ಎದ್ದು ಹೋಗಿ ಅವಳ ತಲೆಯ ಮೇಲೆ ಕೈ ಇಟ್ಟ.

*

"ಅವತ್ತು ಮೆಷಿನ್‌ನಲ್ಲಿದ್ದ ಫ್ಲಾಪಿ ಎಲ್ಲಿ?"

"ಅಲ್ಲೇ ಇದೆ ಸಾರ್. ಅವತ್ತಿಂದ ನಾನು ಇದನ್ನ ಮುಟ್ಟಿಲ್ಲ. ಮನಸ್ಸು ಬರಲಿಲ್ಲ."

"ಹಚ್ಚು."

ಗುರುಬಸಪ್ಪ ಸ್ವಿಚ್ ಹಾಕಿದ. ಪೆಟ್ಟಿಗೆ ಕರಕರ ಎಂದು ಫ್ಲಾಪಿ ಓದತೊಡಗಿತು. ಅದು ತುಂಬುವಷ್ಟು ಹೊತ್ತು ಮೂವರೂ ಅದನ್ನೇ ನೋಡುತ್ತ ಕೂತರು. ಪರದೆಯ ಮೇಲೆ ಹೆಸರುಗಳ ಸಾಲು ಮೂಡಿತು.

"ಮೂವತ್ತಾರು ಸ್ವರ ಇರ್ಬೇಕು" ಎಂದ ಗುರುಬಸಪ್ಪ. ಬೆರಳಿಟ್ಟು ಎಣಿಸಿದ. ಮತ್ತೆ ಎಣಿಸಿದ. "ಮೂವತ್ತೇಳಿದೆ! ಇದಕ್ಕೆ ಹೆಸರಿಲ್ಲ. ಇದು ನಾನು ಹಿಡಿದಿದ್ದಲ್ಲ."

"ಮತ್ತೆ?"

"ಮೇಷ್ಟ್ರೇ ಹಿಡಿದಿರ್ಬೇಕು. ಬೆರಳಲ್ಲಿ ತಂತಿ ಮೀಟೋ ದನಿ ಬೇಕು ಅಂತಿದ್ರು. ಖಾಲಿ ತಂತಿ ಮೀಟೋಕೆ ಎಡಗೈ ಬೇಡವಲ್ಲ. ಮೈಕ್ ಇಟ್ಟು ಪೆಟ್ಟಿಗೇನ ಕಾಯೋಕೆ ಹಚ್ತೀವಿ ಸಾರ್. ಸದ್ದು ಬರೋ ತನಕ ಅದು ಸುಮ್ಮನಿರುತ್ತೆ. ಸದ್ದು ಬಂದ ಕೂಡಲೇ ಎರಡೂವರೆ ಸೆಕೆಂಡು ಹಿಡ್ಕೊಳ್ಳುತ್ತೆ, ಕೆಂಪು ದೀಪ ಹತ್ತುತ್ತೆ."

"ಹಿಡಿದಿದ್ದು ಫ್ಲಾಪಿಗೆ ತಾನಾಗಿ ಹೋಗುತ್ತಾ?"

"ಇಲ್ಲ, ಗುಂಡಿ ಒತ್ತಿ ಬರೀಬೇಕು. ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲವಲ್ಲ. ಅದಕ್ಕೇ ಒಂದು ನಿಯಮ ಮಾಡಿದ್ದೆ. ಕೆಂಪು ದೀಪ ಹತ್ತಿದ್ರೆ ಕೇಳಿ ನೋಡೋಕೂ ಹೋಗ್ಬೇಡಿ, ಮೊದಲು ಬರೆದಿಡಿ ಅಂತ. ಒಂದ್ ಸಲ ಮಧ್ಯಾಹ್ನದ ಕೆಲಸವೆಲ್ಲ ಹೋದಮೇಲೆ ಮೇಷ್ಟ್ರಿಗೆ ಅದು ಕೈಗೇ ಕೂತುಬಿಟ್ಟಿತ್ತು. ದೀಪ ಕಂಡ್ರೆ ಬೆರಳು ತಾನಾಗೇ ಗುಂಡಿ ಮೇಲೆ."

ಅವನು ಹೆಸರಿಲ್ಲದ ದನಿಯನ್ನು ಕೀಬೋರ್ಡಿಗೆ ಹಚ್ಚಿ ಎಡಗಡೆಯ ಒಂದು ಮನೆ ಒತ್ತಿದ.

ತಂತಿಯ ಸದ್ದಲ್ಲ. ಬಾವಿಯ ತಳದಿಂದ ಯಾರೋ ನರಳಿದಂತೆ, ದಪ್ಪಗೆ, ಎಳೆದೆಳೆದು ಏನೋ ಬಂತು. ದೊಡ್ಡಹನುಮಯ್ಯನ ಮೈ ಜುಮ್ಮೆಂದಿತು.

"ಏನಯ್ಯ ಅದು?"

"ಮಾತು ಸಾರ್! ಯಾರದೋ ಮಾತು ಸಿಕ್ಕಿದೆ. ತಗ್ಗಿನ ಮನೇಲಿ ಒತ್ತಿದ್ರೆ ದನಿ ದಪ್ಪ ಆಗಿ ನಿಧಾನ ಆಗುತ್ತೆ, ಎತ್ತರದ ಮನೇಲಿ ಕೀರಲಾಗುತ್ತೆ. ಯಾವ ಮನೇಲಿ ಸರಿಯಾಗಿ ಬರುತ್ತೋ..."

ಅಂಬುಜಾ ಆಗಲೇ ಎದ್ದು ಬಂದಿದ್ದಳು. ಅವನನ್ನು ಸರಿಸಿ ಕೀಬೋರ್ಡಿನ ಮುಂದೆ ನಿಂತಳು. ಒಂದು ಮನೆ ಒತ್ತಿದಳು. ತಲೆಯಾಡಿಸಿದಳು. ಬಲಕ್ಕೆ ಇನ್ನೊಂದು. ನರಳಾಟ ಸ್ವಲ್ಪ ತೆಳುವಾಯಿತು. ಇನ್ನೊಂದು. ಮುದುಕನೊಬ್ಬ ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ. ಇನ್ನೊಂದು. ನಡುವಿನದೊಂದು ಮನೆ ಹಾರಿಸಿದ್ದಳು, ಈಗ ಎಳೆಯ ಹುಡುಗನಂತೆ ಚುರುಕಾಯಿತು. ಒಂದು ಮನೆ ಹಿಂದಕ್ಕೆ ಬಂದಳು.

"ಇದು" ಎಂದಳು. "ಇದೇ ಅಪ್ಪನ ದನಿ."

ಒತ್ತಿದಳು.

"ಅಂಬುಗೆ ಗೊತ್ತಾಗೋದು ಬೇಡ ತಾಯಿ. ನಡೀರಿ, ಬಂದೆ."

ಹಿಂದೆಯೇ ಕುರ್ಚಿ ಸರಿದ ಸದ್ದು. ಅಷ್ಟೇ.

ಅವಳು ಮತ್ತೆ ಒತ್ತಿದಳು. ಮತ್ತೆ. ನಾರಾಯಣಪ್ಪನವರು ಮೂರು ಸಲ ಅದೇ ಮಾತು ಹೇಳಿದರು. ಮೂರನೇ ಸಲಕ್ಕೆ ದೊಡ್ಡಹನುಮಯ್ಯನಿಗೂ ಕೇಳಿಸಿತು. ಆ ಮಾತಿನೊಳಗೆ ಸಣ್ಣದೊಂದು ನಗುವಿತ್ತು. ಪೇಟೆಗೆ ಹೋಗಿ ಏನೋ ತಂದು ಬಚ್ಚಿಡುವವರ ನಗು. ಸಾಯಲು ಹೊರಟವರು ಹಾಗೆ ನಗುವುದನ್ನು ಅವನು ಕಂಡಿರಲಿಲ್ಲ. ಸಾಯಲು ಹೊರಟವರನ್ನು ಕಂಡಿದ್ದ ಅವನು, ಬಹಳ ಜನರನ್ನು.

"ತಾಯಿ ಅಂದಿದ್ದು ಯಾರನ್ನ?" ಎಂದು ಕೇಳಿದ.

ಗುರುಬಸಪ್ಪನ ಮುಖ ಬಿಳಿಚಿಕೊಂಡಿತ್ತು. "ಮೇಷ್ಟ್ರು ಈ ಮನೇಲಿ ಹಾಗೆ ಕರೀತಿದ್ದಿದ್ದು ಒಬ್ಬರನ್ನೇ" ಎಂದು ಬಾಗಿಲ ಕಡೆ ನೋಡಿದ.

ಗಿರಿಜಾದೇವಿ ಕಾಫಿ ತಟ್ಟೆ ಹಿಡಿದು ಹೊಸಿಲಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಟ್ಟು ತಾನೂ ಅದರ ಪಕ್ಕದಲ್ಲೇ ಕೂತಳು.

"ಅವ್ವ, ನೀನು ಅವತ್ತು ನಾಮಕರಣಕ್ಕೆ ಹೋಗಿದ್ದೆ ಅಂದ್ಯಲ್ಲ?"

"ಮೂರಕ್ಕ ಹೋಗಿ ಐದೂವರಿಗೆಲ್ಲ ಬಂದೆ ಗುರು. ನಿನ್ನ ಮುಂದನೂ ಸುಳ್ಳು ಹೇಳಿದೆ." ಅವಳು ಮೊದಲ ಸಲ ಅಂಬುಜಾಳ ಕಡೆ ಮುಖ ತಿರುಗಿಸಿದಳು. "ಬ್ಯಾಡರಹಳ್ಳಿಯಾಗ ಒಬ್ಬರು ನಾಟಿ ವೈದ್ಯರು ಅದಾರವ್ವ. ನರಕ್ಕ ಎಣ್ಣಿ ತಿಕ್ತಾರ. ನನ್ನ ಭುಜ ಅವರಿಂದನೇ ವಾಸಿ ಆತು. ಮೇಷ್ಟ್ರ ಕೈಗೂ ತೋರ್ಸೋಣ ಅಂತ ನಾನೇ ಬಲವಂತ ಮಾಡಿದ್ದೆ. ವಿಧವಿ ಹೆಂಗಸು ಒಬ್ಬ ಗಂಡಸಿನ ಕೂಡ ಬಸ್ಸು ಹತ್ತಿ ಹೋದ್ಳು ಅಂದ್ರ ಓಣಿಯಾಗ ಏನಂತಾರ? ಅದಕ್ಕ ಯಾರಿಗೂ ಹೇಳಲಿಲ್ಲ."

"ಅಪ್ಪ ದಾರೀಲಿ ಏನಂದ್ರು?" ಅಂಬುಜಾ ಕೇಳಿದಳು. ಅವಳಿಗೆ ಬೇರೆ ಯಾವುದೂ ಬೇಕಿರಲಿಲ್ಲ.

"ನಿನ್ನ ವಿಷಯನೇ ಹೇಳಿದ್ರವ್ವ, ಬಸ್ಸಿನುದ್ದಕ್ಕೂ. ಮಗಳು ಬೈದ್ಲು ಅಂದ್ರು. ಬೈಯೋದು ನ್ಯಾಯ, ಅವಳಿಗೇನು ಗೊತ್ತು ಅಂದ್ರು. ನಾಳೆ ಬೆಳಗ್ಗೆ ಎಲ್ಲಾ ಹೇಳ್ತೀನಿ, ಆಮೇಲೆ ಅವಳನ್ನೇ ಮುಂದಿನ ಸಾಲಿನಾಗ ಕೂರಿಸಿ ನುಡಿಸ್ತೀನಿ ಅಂದ್ರು."

ಅಂಬುಜಾ ಬಾಯಿಗೆ ಸೆರಗು ಒತ್ತಿ ಹಿಡಿದಳು. ಹದಿನಾರು ದಿನದಿಂದ ಅವಳ ಎದೆಯ ಮೇಲಿದ್ದ ಕಲ್ಲು ಆ ಕ್ಷಣ ಉರುಳಿತು. ಆದರೆ ಕಲ್ಲು ಉರುಳಿದ ಜಾಗದಲ್ಲಿ ಅಪ್ಪ ಇರಲಿಲ್ಲ.

"ಮುಂದಕ್ಕೆ ಹೇಳಮ್ಮ" ಎಂದ ದೊಡ್ಡಹನುಮಯ್ಯ. "ವೈದ್ಯರು ಸಿಕ್ಕಿದ್ರಾ?"

"ಬ್ಯಾರೆ ಊರಿಗೆ ಹೋಗಿದ್ರು. ಅವರ ಹೆಂಡ್ತಿ ಹತ್ರ ಎಣ್ಣಿ ಇಸ್ಕಂಡು ಬರ್ತೀನಿ, ಇಲ್ಲೇ ಕೂತಿರ್ರಿ ಅಂತ ರಸ್ತಿ ಪಕ್ಕ ಒಂದು ಕಲ್ಲಿನ ಮ್ಯಾಲೆ ಕೂರಿಸಿ ಹೋದೆ. ಹೊಳ್ಳಿ ಬಂದಾಗ ಅವರ ಪಕ್ಕ ಒಬ್ಬರು ನಿಂತಿದ್ರು. ನೀವು ಬಸ್ಸಿಗೆ ಹೋಗ್ರಿ ಅಮ್ಮ, ಇವರನ್ನ ನಾನು ಮನಿಗೆ ಬಿಡ್ತೀನಿ ಅಂದ್ರು. ಮನಿಯವರೇ ಅಲ್ಲೇನು ಅಂತ ನಾನು ನಂಬಿ ಬಂದೆ."

"ಮನೆಯವರಾ?"

ಗಿರಿಜಾದೇವಿ ಕಾಫಿ ತಟ್ಟೆಯನ್ನು ಬದಿಗೆ ಸರಿಸಿದಳು.

"ಕೆಂಪು ಕೋಟು ಹಾಕಿದ್ರು. ಬ್ಯಾಂಡಿನ ಕೋಟು."

ಅವತ್ತು ಸಂಜೆ ಪೂರ್ತಿ ವಿಜಯನಗರದ ಛತ್ರವೊಂದರಲ್ಲಿ ಊದುತ್ತಿದ್ದೆ ಎಂದು ಅಂಜಿನಯ್ಯ ಠಾಣೆಯಲ್ಲಿ ಬರೆಸಿದ್ದ. ದೊಡ್ಡಹನುಮಯ್ಯ ಅದನ್ನು ಹೋಗಿ ವಿಚಾರಿಸಿರಲಿಲ್ಲ. ಹೆಂಡತಿಯನ್ನು ದಿನವೂ ಸ್ಕೂಟರಿನಲ್ಲಿ ಕರೆದುಕೊಂಡು ಬರುವ ಗಂಡನನ್ನು ಯಾರು ವಿಚಾರಿಸುತ್ತಾರೆ?

"ಮೂರನೇ ದಿನ ಇಲ್ಲಿಗೆ ಬಂದ್ರು" ಎಂದಳು ಗಿರಿಜಾದೇವಿ. "ಒಳಗ ಬರಲಿಲ್ಲ, ಗೇಟಿನ ಹತ್ರನೇ ನಿಂತು ಅತ್ರು. ಮಾವ ದಾರಿಯಾಗ ಇಳಿದು ಹೋಗಿಬಿಟ್ರು, ಅಂಬು ಮಾತಿಗೇ ಸತ್ರು ಅಂದ್ರು. ನೀವು ಬಾಯಿ ಬಿಟ್ರೆ ಅವಳಿಗೆ ಗೊತ್ತಾಗುತ್ತೆ, ಗೊತ್ತಾದ್ರೆ ಅವಳು ಉಳಿಯಲ್ಲ ಅಂದ್ರು. ಹುಡುಗಿ ಉಳೀಲಿ ಅಂತ ಸುಮ್ಮನಿದ್ದೆ. ದೇವರಾಣೆ, ಅದಕ್ಕೇ ಸುಮ್ಮನಿದ್ದೆ."

ದೊಡ್ಡಹನುಮಯ್ಯ ಅಂಬುಜಾಳ ಕಡೆ ತಿರುಗಿದ. ಕೇಳಬಾರದೆನ್ನಿಸಿದರೂ ಕೇಳಿದ.

"ಅಮ್ಮಾ, ಅಪ್ಪ ನಿನ್ನ ಮಾತಿಗೇ ಹೋದ್ರು ಅಂತ ನಿನಗೆ ಮೊಟ್ಟಮೊದಲು ಹೇಳಿದ್ದು ಯಾರು?"

ಅವಳು ಕಿಟಕಿಯ ಕಡೆ ನೋಡಿದಳು.

"ಅಂಬೂ!" ಕೆಳಗಿನಿಂದ ಅಂಜಿನಯ್ಯನ ಕೂಗು ಬಂತು. "ಹೊತ್ತಾಯ್ತು ಕಣೇ, ಬರ್ತೀಯೋ ಇಲ್ವೋ?"

ಅಂಬುಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಚ್ಚಿದ್ದ ಕೂದಲನ್ನು ಹಿಂದಕ್ಕೆ ಎಳೆದು ಗಂಟು ಹಾಕಿದಳು. ದಿನನಿತ್ಯದ ದನಿಯಲ್ಲಿ, ಸೊಪ್ಪಿನವಳಿಗೆ ಉತ್ತರ ಕೊಟ್ಟಷ್ಟು ಸಹಜವಾಗಿ ಕೂಗಿದಳು.

"ಬಂದೆ ರೀ!"

"ಇರಮ್ಮ" ಎಂದು ದೊಡ್ಡಹನುಮಯ್ಯ ಎದ್ದ. "ನೀನು ಇಲ್ಲೇ ಕೂತಿರು. ಕೆಳಗೆ ನಾನು ಹೋಗ್ತೀನಿ."

"ಬೇಡಿ ಸಾರ್. ನೀವು ಕೇಳಿದ್ರೆ ಅವರು ಪೊಲೀಸರಿಗೆ ಹೇಳೋ ಉತ್ತರ ಹೇಳ್ತಾರೆ. ನನಗೆ ಅದು ಬೇಡ."

ಅಷ್ಟು ಹೇಳಿ ಅವಳು ಇಳಿದೇಬಿಟ್ಟಳು. ಮೆಟ್ಟಿಲು ಕಡಿದಾಗಿತ್ತು, ಅವನ ಮೊಣಕಾಲು ಹಳೆಯದಾಗಿತ್ತು. ಕಂಬಿ ಹಿಡಿದು ಹಿಡಿದು ಅವನು ಗೇಟಿಗೆ ಬರುವ ಹೊತ್ತಿಗೆ ಸ್ಕೂಟರ್ ಬೀದಿಯ ಕೊನೆ ಮುಟ್ಟಿತ್ತು. ಅಂಬುಜಾ ಗಂಡನ ಭುಜದ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.

ರಾಜಾಜಿನಗರದ ಮನೆಗೆ ಹೋಗುವವರು ಅಲ್ಲಿ ಎಡಕ್ಕೆ ತಿರುಗಬೇಕು.

ಸ್ಕೂಟರ್ ಒಂದು ಗಳಿಗೆ ನಿಂತಿತು. ಆಮೇಲೆ ಬಲಕ್ಕೆ, ಬ್ಯಾಡರಹಳ್ಳಿಗೆ ಹೋಗುವ ಮಾಗಡಿ ರಸ್ತೆಯ ಕಡೆಗೆ ತಿರುಗಿತು. ತಿರುಗಿಸು ಅಂದದ್ದು ಅವಳೋ, ತಾನಾಗಿ ತಿರುಗಿಸಿದ್ದು ಅವನೋ, ದೊಡ್ಡಹನುಮಯ್ಯನಿಗೆ ಕಾಣಲಿಲ್ಲ.